ಖಾಲಿ ಜಾಗದ ಕಾಡು

ಲಿಂಗಂಪಲ್ಲಿ ದಾಟಿ ರಿಂಗ್ ರೋಡಿನ ಕಡೆ ಹೋದರೆ, ಹಿಂದೆ ಕಲ್ಲಿನ ಕ್ವಾರಿಗಳಿದ್ದ ಬಯಲಿನ ಅಂಚಿನಲ್ಲಿ ತಗಡು ಹೊದಿಸಿದ ಮನೆಗಳ ಒಂದು ಬಸ್ತಿ ಇತ್ತು. ಸುತ್ತಲಿನವರು ಅದನ್ನು ಕರ್ನಾಟಕ ಬಸ್ತಿ ಎನ್ನುತ್ತಿದ್ದರು. ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಕಲ್ಲು ಒಡೆಯಲು ಬಂದವರು ಕ್ವಾರಿ ಮುಚ್ಚಿದ ಮೇಲೂ ಅಲ್ಲೇ ಉಳಿದು ಕಟ್ಟಡದ ಕೆಲಸ ಹಿಡಿದಿದ್ದರು. ರೇಣುಕಾ ಮದುವೆಯಾಗಿ ಬಂದದ್ದು ಆ ಬಸ್ತಿಗೇ. ಮನೆಯಲ್ಲಿ ಗಂಡ ಅಂಬಾದಾಸ, ಅತ್ತೆ ಯಮುನಾಬಾಯಿ. ಮಗಳು ಹುಟ್ಟಿದಾಗ ರೇಣುಕಾ ಪೂರ್ವಿ ಎಂದು ಹೆಸರಿಟ್ಟಳು. ಅವಳು ಇಟ್ಟಿಗೆ ಹೊರುತ್ತಿದ್ದ ಕಟ್ಟಡದ ಎದುರು ಮನೆಯ ಹೆಂಗಸೊಬ್ಬಳು ತನ್ನ ಮಗಳನ್ನು ಹಾಗೆ ಕೂಗುತ್ತಿದ್ದದ್ದು ಕಿವಿಗೆ ಹಿತವಾಗಿತ್ತು. ಯಮುನಾಬಾಯಿಗೆ ಮಾತ್ರ ಆ ಹೆಸರು ನಾಲಿಗೆಗೆ ಹತ್ತಲಿಲ್ಲ. ಪೂರಿ ಎಂದೇ ಕರೆಯುತ್ತಿದ್ದಳು, ಹುಡುಗಿ ಅದಕ್ಕೆ ಮುಖ ಊದಿಸಿಕೊಳ್ಳುತ್ತಿದ್ದಳು.

ಬಸ್ತಿಯ ಮೇಲುಗಡೆ, ದಿಬ್ಬದಾಚೆ ಔಷಧಿ ತಯಾರಿಸುವ ಕಾರ್ಖಾನೆಗಳಿದ್ದವು. ಅಲ್ಲಿಂದ ಕೊಳಚೆ ನೀರು ಹೊತ್ತು ಇಳಿದು ಬರುವ ನಾಲಾ ಮೊದಲು ಬಸ್ತಿಯ ಕಡೆ ಸುಳಿಯುತ್ತಿರಲಿಲ್ಲ. ಹೊಸ ಅಪಾರ್ಟ್‌ಮೆಂಟುಗಳ ಕಾಂಪೌಂಡಿಗೆ ತಾಗಿಕೊಂಡು ಹರಿಯುತ್ತಿತ್ತು. ಒಂದೊಂದು ದಿನ ನೀರು ಅರಿಸಿನದ ಬಣ್ಣಕ್ಕೆ ತಿರುಗುತ್ತಿತ್ತು. ಮೂಗಿನಿಂದ ಕೈ ತೆಗೆಯುವಂತಿರಲಿಲ್ಲ. ಅಪಾರ್ಟ್‌ಮೆಂಟಿನವರು ಸುಮ್ಮನಿರಲಿಲ್ಲ. ಹೊರದೇಶದಲ್ಲಿ ಮುಖ್ಯ ಕಚೇರಿಯಿದ್ದ ಒಂದು ಪರಿಸರ ಸಂಸ್ಥೆ ಅವರ ಜೊತೆ ನಿಂತಿತು. ಮೇಣದ ಬತ್ತಿ ಹಿಡಿದು ನಡೆದರು, ಕೋರ್ಟಿಗೆ ಹೋದರು, ಟಿವಿಯಲ್ಲಿ ಬಂದರು. ಕೊನೆಗೆ ಅಧಿಕಾರಿಗಳು ಅಲ್ಲಿನ ನಾಲಾವನ್ನು ದೊಡ್ಡ ಪೈಪಿನೊಳಗೆ ಹಾಕಿ ಮುಚ್ಚಿದರು. ಪೈಪು ಅಪಾರ್ಟ್‌ಮೆಂಟು ದಾಟಿ, ರಸ್ತೆಯ ಅಡಿ ಹಾಯ್ದು, ಕರ್ನಾಟಕ ಬಸ್ತಿಯ ಹಿಂದೆ ಬಾಯಿ ತೆರೆಯಿತು. ಹಾಗೆ ಮಾಡುತ್ತೇವೆ ಎಂದು ಬಸ್ತಿಯವರಿಗೆ ಯಾರೂ ಹೇಳಲಿಲ್ಲ.

ಮೊದಮೊದಲು ವಾಸನೆ. ಆಮೇಲೆ ಬೋರಿನ ನೀರಿಗೆ ಮಾತ್ರೆಯ ಕಹಿ ಬಂತು. ಟ್ಯಾಂಕರ್ ಬಂದ ದಿನ ಆ ನೀರು, ಬಾರದ ದಿನ ಬೋರಿನದೇ. ಮಕ್ಕಳ ಕೈಕಾಲಿಗೆ ಗುಳ್ಳೆಗಳೆದ್ದವು. ಪೂರ್ವಿ ಮಳೆಗಾಲದ ಕೊನೆಯಲ್ಲಿ ವಾಂತಿಗೆ ಬಿದ್ದಳು. ಮುಖ, ಪಾದ ಬಾತುಕೊಂಡವು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮೂತ್ರಪಿಂಡಗಳು ಕೆಟ್ಟಿವೆ ಎಂದರು. ಯಾವ ನೀರು ಕುಡಿಯುತ್ತೀರಿ ಎಂದು ಕೇಳಿ, ಉತ್ತರ ಕೇಳಿಸಿಕೊಂಡು ಮುಂದಿನ ಮಂಚಕ್ಕೆ ಹೋದರು. ಹುಡುಗಿಗೆ ಆಗ ಆರು ವರ್ಷ. ದಸರೆಗೆ ಮೊದಲೇ ಹೋಗಿಬಿಟ್ಟಳು.

ಮಣ್ಣು ಮಾಡಲು ಊರಿಗೆ ಒಯ್ಯಬೇಕೆಂದು ಅಂಬಾದಾಸನಿಗಿತ್ತು. ಅಷ್ಟು ದೂರ ಹೆಣ ತೆಗೆದುಕೊಂಡು ಬರಲು ಯಾವ ಗಾಡಿಯವನೂ ಒಪ್ಪಲಿಲ್ಲ. ಹತ್ತಿರದ ಹಳ್ಳಿಯ ಸ್ಮಶಾನಕ್ಕೆ ಹೋದರೆ ಅಲ್ಲಿನವರು ಎಲ್ಲಿಯವರು ಎಂದು ಕೇಳಿದರು, ಆಮೇಲೆ ಯಾವ ಮಂದಿ ಎಂದು ಕೇಳಿದರು. ಎರಡನೆಯ ಉತ್ತರ ಕೇಳಿದ ಮೇಲೆ ಗೇಟು ತೆಗೆಯಲಿಲ್ಲ. ಬಸ್ತಿಯ ಹಿಂದಿನ ಬಯಲಿನಲ್ಲಿ ಎರಡು ದೊಡ್ಡ ಬಂಡೆಗಳ ನಡುವೆ ಮೊದಲೂ ಕೆಲವರನ್ನು ಮಣ್ಣು ಮಾಡಿದ್ದರು. ಒಬ್ಬ ಮುದುಕ, ಹುಟ್ಟಿದ ಕೂಡಲೇ ಹೋದ ಕೆಲವು ಕೂಸುಗಳು. ಪೂರ್ವಿಯನ್ನೂ ಅಲ್ಲೇ ಮಲಗಿಸಿದರು. ಅಂಬಾದಾಸ ಒಂದು ಚಪ್ಪಡಿಯನ್ನು ತಾನೇ ಉಳಿಯಿಂದ ನಯ ಮಾಡಿ ಅವಳನ್ನು ಮಲಗಿಸಿದ ಮಣ್ಣಿನ ಮೇಲೆ ಕೂರಿಸಿದ.

ಅಂದಿನಿಂದ ರೇಣುಕಾ ಕೆಲಸದಿಂದ ಬಂದವಳು ಸಂಜೆ ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು. ಅವಳು ಅಳುತ್ತಾಳೆಂದು ನೆರೆಯವರು ಅಂದುಕೊಂಡಿದ್ದರು. ಅವಳು ಅಳುತ್ತಿರಲಿಲ್ಲ, ಅವತ್ತಿನ ಸುದ್ದಿ ಹೇಳುತ್ತಿದ್ದಳು. ಯಾರ ಕೋಳಿ ಕಳೆಯಿತು, ಯಾವ ಕಟ್ಟಡಕ್ಕೆ ಲಿಫ್ಟ್ ಹತ್ತಿಸಿದರು, ಅಜ್ಜಿ ಯಾರ ಮೇಲೆ ಕೂಗಾಡಿದಳು, ಇಂಥವು.

ಮರುವರ್ಷ ಬೇಸಿಗೆಯಲ್ಲಿ ಬಯಲಿಗೆ ಅಳತೆಯವರು ಬಂದರು. ಸುಣ್ಣದ ಗೆರೆ ಎಳೆದರು. ಅವರ ಹಿಂದೆ ಶ್ರೀವಿದ್ಯಾ ಬಂದಳು. ಮೈಸೂರಿನವಳು. ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವಳು ಅದನ್ನು ಬಿಟ್ಟು ಈಗ ಅದೇ ಪರಿಸರ ಸಂಸ್ಥೆಯಲ್ಲಿದ್ದಳು. ಬಯಲಿನಲ್ಲಿ ಒತ್ತೊತ್ತಾಗಿ ಮರ ಬೆಳೆಸಿ ಕಾಡು ಮಾಡುವ ಯೋಜನೆ ಅವಳ ಪಾಲಿಗೆ ಬಂದಿತ್ತು. ಗುಂಡಿ ತೋಡಲು ಮೇಸ್ತ್ರಿ ಬಸ್ತಿಯ ಹೆಂಗಸರನ್ನೇ ಕರೆದ. ಅವರಲ್ಲಿ ರೇಣುಕಾಳೂ ಇದ್ದಳು. ಹೆಂಗಸರು ತಮ್ಮತಮ್ಮಲ್ಲಿ ಮಾತಾಡುವುದು ಕಿವಿಗೆ ಬಿದ್ದು ಶ್ರೀವಿದ್ಯಾ ಓಡಿ ಬಂದಳು.

“ಅಯ್ಯೋ, ನೀವೆಲ್ಲ ಕನ್ನಡದವರಾ?”

“ಹೌದ್ರಿ. ನೀವೂ ನಮ್ಮ ಕಡ್ಯಾರೇನ್ರಿ?” ಎಂದಳು ರೇಣುಕಾ.

“ನಾನು ಮೈಸೂರು. ಇಲ್ಲಿ ಕನ್ನಡ ಮಾತಾಡಿ ಎಷ್ಟು ದಿನ ಆಗಿತ್ತು ಗೊತ್ತಾ.”

ಅಂದಿನಿಂದ ಶ್ರೀವಿದ್ಯಾ ಮಧ್ಯಾಹ್ನ ತನ್ನ ಡಬ್ಬಿ ತೆಗೆದುಕೊಂಡು ಹೆಂಗಸರ ಜೊತೆಯೇ ಊಟಕ್ಕೆ ಕೂರತೊಡಗಿದಳು. ಜೋಳದ ರೊಟ್ಟಿ, ಪುಂಡಿಪಲ್ಯ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದಳು. ಅವಳಲ್ಲಿ ದೊಡ್ಡಸ್ತಿಕೆ ಇರಲಿಲ್ಲ. ರೇಣುಕಾ ಅವಳನ್ನು ಮೇಡಂ ಎನ್ನುವುದು ಬಿಟ್ಟು ಅಕ್ಕಾರ ಎನ್ನಲು ಶುರುಮಾಡಿದಳು. ಒಂದು ದಿನ ನಾಲಾದ ಕಡೆಯಿಂದ ಗಾಳಿ ತಿರುಗಿ, ಊಟ ಮಾಡುತ್ತಿದ್ದವರೆಲ್ಲ ಸೆರಗು ಮೂಗಿಗೆ ಹಿಡಿದರು.

“ಈ ವಾಸನೆ ನನಗೆ ಚೆನ್ನಾಗಿ ಗೊತ್ತು,” ಎಂದಳು ಶ್ರೀವಿದ್ಯಾ. “ನಮ್ಮ ಅಪಾರ್ಟ್‌ಮೆಂಟ್ ಪಕ್ಕದಲ್ಲೇ ಇತ್ತು. ನಾವೆಲ್ಲ ಸೇರಿ ಹೋರಾಡಿ ನಿಲ್ಲಿಸಿದ್ವಿ. ನಾನು ಈ ಕೆಲಸಕ್ಕೆ ಬಂದಿದ್ದೇ ಅದರಿಂದ. ಜನ ಒಟ್ಟಾದ್ರೆ ಏನಾದ್ರೂ ಆಗುತ್ತೆ ಅಂತ ಆವತ್ತು ಅನ್ನಿಸ್ತು.”

ರೇಣುಕಾ ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು.

“ನಿಂತಿಲ್ರಿ ಅದು,” ಎಂದಳು. “ಇಲ್ಲಿ ಬಂದೈತಿ.”

ಶ್ರೀವಿದ್ಯಾಳಿಗೆ ಮೊದಲು ಅರ್ಥವಾಗಲಿಲ್ಲ. ರೇಣುಕಾ ಎದ್ದು ಕೈತೊಳೆದು, “ಬರ್ರಿ, ತೋರಸ್ತೀನಿ” ಎಂದು ಅವಳನ್ನು ಕರೆದುಕೊಂಡು ಹೋದಳು. ಪೈಪಿನ ಬಾಯಿ ತೋರಿಸಿದಳು. ಬೋರಿನ ನೀರು ಬೊಗಸೆಯಲ್ಲಿ ಹಿಡಿದು ಮೂಸಲು ಹೇಳಿದಳು. ಅಲ್ಲಿಂದ ಬಂಡೆಗಳ ನಡುವಿನ ಚಪ್ಪಡಿಯ ಹತ್ತಿರ ಕರೆದೊಯ್ದು ನಿಲ್ಲಿಸಿದಳು.

“ಇಲ್ಲಿ ನನ್ನ ಮಗಳು ಅದಾಳ್ರಿ. ಪೂರ್ವಿ ಅಂತ.”

ಶ್ರೀವಿದ್ಯಾ ಕಾಲಿನ ಬೂಟು ಬಿಚ್ಚಿ ಪಕ್ಕಕ್ಕಿಟ್ಟಳು. ಹಾಗೆ ಬಿಸಿಲಲ್ಲಿ ಬರಿಗಾಲಲ್ಲಿ ನಿಂತವಳನ್ನು ನೋಡಿ ರೇಣುಕಾಳಿಗೆ, ಇವಳಿಗೆ ಹೇಳಬಹುದು ಅನ್ನಿಸಿತು.

“ಸುಣ್ಣದ ಗೆರಿ ಇಲ್ಲೀತನಾ ಬಂದಾವು ಅಕ್ಕಾರ. ನಾವು ಗುಂಡಿ ತೋಡಿಕೋತ ಬಂದ್ರ ಇಲ್ಲಿಗೇ ಬರ್ತೀವಿ. ನನ್ನ ಕೈಲೆ ನಾನಽ ಹೆಂಗ ತೋಡ್ಲಿ? ಇದೊಂದು ಜಾಗ ಬಿಡಂತ ಹೇಳ್ರಿ. ಉಳಿದಿದ್ದು ಎಲ್ಲಾ ಕಾಡು ಮಾಡ್ಕೋರಿ, ನಾವೇನ್ ಬ್ಯಾಡ ಅಂತೀವಾ. ಆಕಿಗೂ ನೆರಳಾಗ್ತದ.”

“ಬಿಡಿಸ್ತೀನಿ,” ಎಂದಳು ಶ್ರೀವಿದ್ಯಾ. “ನಾನು ಮಾತಾಡ್ತೀನಿ ರೇಣುಕಾ. ಇದನ್ನ ಯಾರೂ ಮುಟ್ಟಲ್ಲ.”

ಅವಳು ಆ ಮಾತನ್ನು ಮನಸ್ಸಿನಿಂದಲೇ ಹೇಳಿದ್ದಳು. ಮರುದಿನ ಬೆಳಿಗ್ಗೆ ನಾರಾಯಣಗೂಡದ ಹಳೆಯ ಮನೆಯೊಂದರಲ್ಲಿದ್ದ ಸಂಸ್ಥೆಯ ಕಚೇರಿಗೆ ಹೋದಳು. ಅಲ್ಲಿನ ಮುಖ್ಯಸ್ಥ ಮನೋಜ, ಕೆಳಗಿನ ಬೀದಿಯ ಕೋಚಿಂಗ್ ಕ್ಲಾಸಿನ ಗದ್ದಲಕ್ಕೆ ಕಿಟಕಿ ಮುಚ್ಚಿ, ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪೂರ್ತಿ ಕೇಳಿದ. ಕೆಟ್ಟ ಮನುಷ್ಯನೇನಲ್ಲ. ಈ ಊರಿನ ಕೆರೆಗಳಿಗಾಗಿ ವರ್ಷಗಟ್ಟಲೆ ಅಲೆದವನು.

“ಶ್ರೀವಿದ್ಯಾ, ಈ ಜಾಗವನ್ನು ಆರಿಸಿದ್ದು ನಾವಲ್ಲ. ಮುಖ್ಯ ಕಚೇರಿಯವರು ಅಲ್ಲಿ ಕೂತು ಉಪಗ್ರಹದ ಚಿತ್ರ ನೋಡಿ ಆರಿಸಿದರು. ಅವರ ದಾಖಲೆಯಲ್ಲಿ ಅದು ಖಾಲಿ ಜಾಗ. ಬಂಜರು, ಯಾರೂ ವಾಸವಿಲ್ಲ, ಯಾರೂ ಬಳಸುತ್ತಿಲ್ಲ.”

“ಜನ ಇದ್ದಾರಲ್ಲ ಸರ್. ಗೋರಿಗಳಿವೆ.”

“ಗೋರಿ ಇದೆ ಅಂತ ಒಂದು ಸಲ ಬರೆದರೆ ಅದು ತಗಾದೆಯ ಜಾಗವಾಗುತ್ತದೆ. ತಗಾದೆಯ ಜಾಗಕ್ಕೆ ಅವರು ಒಪ್ಪಿಗೆ ಕೊಡುವುದಿಲ್ಲ. ಕಾಡೇ ಆಗುವುದಿಲ್ಲ.” ಮನೋಜ ಸ್ವಲ್ಪ ತಡೆದು ಹೇಳಿದ. “ಇದಕ್ಕೆ ಯಾರು ಖರ್ಚು ಮಾಡುತ್ತಿದ್ದಾರೆ ಗೊತ್ತಲ್ಲ.”

ಅವಳಿಗೆ ಗೊತ್ತಿರಲಿಲ್ಲ. ದಿಬ್ಬದಾಚೆಯ ಔಷಧಿ ಕಾರ್ಖಾನೆ ಎಂದು ಅವನು ಹೇಳಿದ. ಅವರ ಮಾತ್ರೆಗಳನ್ನು ಕೊಳ್ಳುವ ಯೂರೋಪಿನ ಕಂಪನಿಗಳು, ನೀವು ಬಿಡುವ ಹೊಗೆಗೆ ಬದಲು ಎಷ್ಟು ಮರ ಬೆಳೆಸಿದ್ದೀರಿ ಎಂದು ಕೇಳುತ್ತಿದ್ದವು. ಈ ಕಾಡು ಅದಕ್ಕೆ ಉತ್ತರ.

“ಅವರ ನಾಲಾ ನೀರೇ ಆ ಮಗುವನ್ನು ಕೊಂದಿದ್ದು ಸರ್.”

“ಅದನ್ನು ತೋರಿಸುವುದು ಹೇಗೆ? ಆ ನಾಲಾವನ್ನು ಆ ಕಡೆ ತಿರುಗಿಸಿದ್ದಕ್ಕೆ ಸಿಹಿ ಹಂಚಿದವರು ನಾವೇ.” ಮನೋಜ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. “ನೋಡೋಣ. ಮುಖ್ಯ ಕಚೇರಿಯಿಂದ ಬರುವವರು ಬಂದು ಹೋಗಲಿ. ಆಮೇಲೆ ಚಪ್ಪಡಿಯ ಸುತ್ತ ಸ್ವಲ್ಪ ಬಿಟ್ಟು ನೆಡಲು ಹೇಳುತ್ತೇನೆ. ಅಲ್ಲಿಯವರೆಗೆ ಯಾರ ಹತ್ತಿರವೂ ಆಡಬೇಡ.”

ನೋಡೋಣ ಎಂಬ ಮಾತನ್ನು ಹಿಡಿದುಕೊಂಡು ಶ್ರೀವಿದ್ಯಾ ವಾಪಸು ಬಂದಳು.

ಕೆಲವು ದಿನಕ್ಕೆ ಬಯಲು ನೋಡಲು ಬಂದ ಮುಖ್ಯ ಕಚೇರಿಯ ಹಿರಿಯ ಅಧಿಕಾರಿ ಒಬ್ಬ ಹೆಂಗಸು. ನೆರೆತ ಕೂದಲು, ಹತ್ತಿಯ ಬಟ್ಟೆ. ಬಿಸಿಲಿಗೆ ಮುಖ ಕೆಂಪಗಾಗಿದ್ದರೂ ಕೊಡೆ ಬೇಡವೆಂದಳು. ಪ್ರತಿಯೊಬ್ಬ ಹೆಂಗಸಿನ ಹತ್ತಿರವೂ ಹೋಗಿ ಕೈ ಮುಗಿದಳು. ಗುಂಡಿಯ ಪಕ್ಕ ಸನಿಕೆ ಹಿಡಿದು ನಿಂತಿದ್ದ ರೇಣುಕಾಳ ಮುಂದೆ ನಿಂತು ಏನೋ ಕೇಳಿದಳು.

“ಈ ಜಾಗದಲ್ಲಿ ಮೊದಲು ಏನಿತ್ತು, ಈಗ ಕಾಡಾಗೋದು ನೋಡಿ ಏನನ್ನಿಸುತ್ತೆ ಅಂತ ಕೇಳ್ತಿದಾರೆ,” ಎಂದಳು ಶ್ರೀವಿದ್ಯಾ.

ರೇಣುಕಾ ಆ ಹೆಂಗಸಿನ ಮುಖವನ್ನೇ ನೋಡಿದಳು. ಕರುಣೆಯಿದ್ದ ಮುಖ. ಇವಳಿಗೆ ಹೇಳಿದರೆ ಆಗುತ್ತದೆ, ಇವಳೇ ಎಲ್ಲರಿಗಿಂತ ದೊಡ್ಡವಳಂತೆ ಎಂದುಕೊಂಡಳು.

“ಇಲ್ಲಿ ನನ್ನ ಮಗಳಿಗೆ ಮಣ್ಣು ಕೊಟ್ಟೀವ್ರಿ,” ಎಂದಳು. “ಅಗೋ, ಆ ಎರಡು ಬಂಡೆ ನಡುವ. ಆ ಕಂಪನಿ ನೀರು ಕುಡದು ಸತ್ತಳ್ರಿ. ನಮ್ಮ ಬಸ್ತ್ಯಾಗ ಇನ್ನೂ ಹುಡುಗ್ರು ಅದಾವು. ಮೊದಲ ಆ ನೀರು ನಿಲ್ಲಸ್ರಿ. ಮತ್ತ ನನ್ನ ಮಗಳ ಜಾಗ ಒಂದು ಬಿಡ್ರಿ. ಇಷ್ಟ ಹೇಳ್ರಿ ಅಕ್ಕಾರ.”

ಮನೋಜನಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅವನು ಶ್ರೀವಿದ್ಯಾಳ ಮುಖ ನೋಡುತ್ತಿದ್ದ. ಕಾರ್ಖಾನೆಯ ಕಡೆಯಿಂದ ಬಂದಿದ್ದ ಇಬ್ಬರೂ ನೋಡುತ್ತಿದ್ದರು. ಶ್ರೀವಿದ್ಯಾ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದಳು. ಒಂದೇ ಮಾತು. ಹೊರದೇಶದ ಹೆಂಗಸಿನ ಕಣ್ಣಲ್ಲಿ ನೀರಾಡಿತು. ಅವಳು ರೇಣುಕಾಳ ಹೆಗಲ ಮೇಲೆ ಕೈಯಿಟ್ಟು, ಪಕ್ಕದಲ್ಲಿದ್ದ ಹೊಂಗೆಯ ಸಸಿಯೊಂದನ್ನು ತೆಗೆದು ಅವಳ ಕೈಗೆ ಕೊಟ್ಟಳು. ಫೋಟೋ ತೆಗೆದರು. ಎಲ್ಲರೂ ಮುಂದೆ ನಡೆದರು.

ಸಂಜೆ ಕಾರುಗಳು ಹೋದ ಮೇಲೆ ರೇಣುಕಾ ಶ್ರೀವಿದ್ಯಾಳ ಹತ್ತಿರ ಬಂದಳು.

“ನಾ ಅಷ್ಟೊತ್ತು ಹೇಳಿದೆ, ನೀವು ಇಷ್ಟರಾಗ ಮುಗಿಸಿದ್ರಿ.”

“ಇಂಗ್ಲಿಷಲ್ಲಿ ಚಿಕ್ಕದಾಗಿ ಹೇಳಬಹುದು ರೇಣುಕಾ.”

“ಕಂಪನಿ ಅಂಬೂದು ಇಂಗ್ಲಿಷಿನ್ಯಾಗೂ ಕಂಪನಿನೇ ಅಲ್ರಿ? ಅದು ನನ್ನ ಕಿವಿಗೆ ಬೀಳಲಿಲ್ಲ.”

ಶ್ರೀವಿದ್ಯಾ ತಲೆ ತಗ್ಗಿಸಿದಳು. ಆ ಅಧಿಕಾರಿಗೆ ಅವಳು ಇಂಗ್ಲಿಷಿನಲ್ಲಿ ಹೇಳಿದ್ದು, ಈ ಮಣ್ಣು ನನಗೆ ಮಗಳಿದ್ದ ಹಾಗೆ ಎಂದು ಈ ತಾಯಿ ಹೇಳುತ್ತಿದ್ದಾಳೆ ಎಂದು. ಅದನ್ನು ಈಗ ಬಾಯಿಬಿಟ್ಟು ಹೇಳಲು ಅವಳಿಂದಾಗಲಿಲ್ಲ.

“ಎಲ್ಲರ ಮುಂದೆ ಹೇಳಿದ್ರೆ ಕೆಲಸ ಕೆಡುತ್ತಿತ್ತು. ಆಮೇಲೆ ಕೂತು ಹೇಳ್ತೀನಿ. ನಿಮ್ಮ ಜಾಗ ಬಿಡ್ತಾರೆ, ಸರ್ ಮಾತು ಕೊಟ್ಟಿದ್ದಾರೆ.”

“ಹಂಗಾಗ್ಲಿ,” ಎಂದು ರೇಣುಕಾ ಮನೆಯ ಕಡೆ ನಡೆದಳು. ಆ ಸಂಜೆ ಅವಳು ಮಗಳ ಹತ್ತಿರ ಹೋಗಿ ಕೂತಳಾದರೂ ಏನೂ ಹೇಳಲಿಲ್ಲ.

ಮಳೆ ಶುರುವಾಗುವ ಮೊದಲು, ಸಸಿ ನೆಡುವ ದೊಡ್ಡ ಹಬ್ಬಕ್ಕೆ ಸಿದ್ಧತೆ ನಡೆದಿತ್ತು. ಭಾನುವಾರ ಐಟಿ ಕಂಪನಿಗಳಿಂದ ನೂರಾರು ಜನ ಬರುವವರಿದ್ದರು. ಹಗ್ಗ, ಬುಟ್ಟಿ, ಬಕೆಟ್ಟು, ಬಿಸಿಲಿಗೆ ಟೋಪಿ ತರಲು ಮನೋಜ ಶ್ರೀವಿದ್ಯಾಳನ್ನು ಬೇಗಂ ಬಜಾರಿಗೆ ಕಳಿಸಿದ. ಅವತ್ತೇ ಮೇಸ್ತ್ರಿ ಬಸ್ತಿಯ ಹೆಂಗಸರನ್ನು ರಸ್ತೆಯ ಬದಿಯ ಬೇಲಿ ಕೆಲಸಕ್ಕೆ ಹಚ್ಚಿದ. ಹತ್ತು ಗಂಟೆಯ ಹೊತ್ತಿಗೆ ರಸ್ತೆಯ ಗದ್ದಲ ತಗ್ಗಿದಾಗ, ಬೆಳಗಿನಿಂದಲೇ ಓಡುತ್ತಿದ್ದ ಜೆಸಿಬಿಯ ಸದ್ದು ಹಿಂದಿನಿಂದ ಕೇಳಿತು. ರೇಣುಕಾ ಕೈಯಲ್ಲಿದ್ದ ತಂತಿ ಬಿಟ್ಟು ಓಡಿದಳು.

ಅವಳು ತಲುಪುವ ಹೊತ್ತಿಗೆ ಒಂದು ಬಂಡೆ ಇರಲಿಲ್ಲ. ಇನ್ನೊಂದನ್ನು ಸರಪಣಿ ಕಟ್ಟಿ ಎಳೆಯುತ್ತಿದ್ದರು. ಚಪ್ಪಡಿ ಮಗುಚಿ ದೂರ ಬಿದ್ದಿತ್ತು. ಲಾರಿಯಲ್ಲಿ ತಂದ ಕಪ್ಪು ಮಣ್ಣನ್ನು ಇಡೀ ಜಾಗದ ಮೇಲೆ ಹರಡಿ, ಯಂತ್ರವನ್ನು ಹಿಂದೆ ಮುಂದೆ ಓಡಿಸಿ ಸಮ ಮಾಡಿದ್ದರು. ಬಸ್ತಿಯಿಂದ ಯಮುನಾಬಾಯಿ ಎದೆ ಬಡಿದುಕೊಳ್ಳುತ್ತ ಬಂದಳು. ಪಕ್ಕದ ಕಟ್ಟಡದಿಂದ ಅಂಬಾದಾಸನನ್ನು ಯಾರೋ ಕರೆತಂದರು. ಅವನು ಜೆಸಿಬಿಯ ಮುಂದೆ ಹೋಗಿ ನಿಂತ. ಓಡಿಸುವವನು ಯಂತ್ರ ಆರಿಸಿ ಕೆಳಗಿಳಿದು, ತೆಲುಗಿನಲ್ಲಿ, ನನಗೆ ಯಾರೂ ಹೇಳಲಿಲ್ಲಣ್ಣ, ಹೇಳಿದ್ದರೆ ಮಾಡುತ್ತಿರಲಿಲ್ಲ ಎಂದು ಕೈ ಹಿಡಿದುಕೊಂಡ. ಅವನಿಗೂ ಮಕ್ಕಳಿದ್ದವು.

ಮಧ್ಯಾಹ್ನ ಶ್ರೀವಿದ್ಯಾ ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಬಂದಳು. ಸಮತಟ್ಟಾದ ಕಪ್ಪು ನೆಲ ನೋಡಿ ಅಲ್ಲೇ ಕುಸಿದು ಕೂತು ಅತ್ತಳು. ಅವಳಿಗೆ ನೀರು ಕೊಟ್ಟವಳು ಯಮುನಾಬಾಯಿ. ರೇಣುಕಾ ದೂರದಲ್ಲಿ ನಿಂತು ನೋಡಿದಳು, ಹತ್ತಿರ ಬರಲಿಲ್ಲ.

ಭಾನುವಾರ ಹಾಡು, ಮೈಕು, ನಗುವಿನ ನಡುವೆ ಸಸಿಗಳನ್ನು ನೆಟ್ಟರು. ಒಂದೊಂದು ಹೆಜ್ಜೆಗೆ ಒಂದೊಂದು. ಬೇಲಿ ಪೂರ್ತಿಯಾಯಿತು. ಗೇಟಿಗೆ ಕಾವಲಿನವನು ಬಂದ. ಗೇಟಿನ ಮೇಲಿನ ಬೋರ್ಡಿನಲ್ಲಿ ಸಂಸ್ಥೆಯ ಹೆಸರು, ಕಾರ್ಖಾನೆಯ ಹೆಸರು, ಕೆಳಗೆ ರೇಣುಕಾ ಸಸಿ ಹಿಡಿದು ನಿಂತ ಫೋಟೋ.

ಕೆಲವು ದಿನ ರೇಣುಕಾ ಬೇಲಿಯ ಹೊರಗೆ ಕೂತು ನೋಡಿದಳು. ಒಂದು ಬೆಳಿಗ್ಗೆ ಅಂಬಾದಾಸನಿಗೆ, “ನಡೀರಿ, ಒಂದೀಟು ಜಾಗ ಮಾಡಿ ಬರೂಣು” ಎಂದಳು. ಅವನು ಕೂಡಲೇ ಎದ್ದ. ನಾಲಾದ ಬದಿಯಲ್ಲಿ ತಂತಿ ಎತ್ತಿ ಇಬ್ಬರೂ ಒಳಗೆ ಹೋದರು. ಕಿತ್ತ ಬಂಡೆಯ ಕುಳಿಯ ಗುರುತು ಇನ್ನೂ ಸ್ವಲ್ಪ ಕಾಣುತ್ತಿತ್ತು. ಅದರ ಅಂದಾಜಿನಲ್ಲಿ ಒಬ್ಬ ಮಲಗುವಷ್ಟು ಜಾಗದ ಸಸಿಗಳನ್ನು ರೇಣುಕಾ ಬೇರು ಹರಿಯದಂತೆ ಮಣ್ಣಿನ ಹೆಂಟೆಯ ಸಮೇತ ಎತ್ತಿದಳು. ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗಿಟ್ಟಳು. ಬೇರೆ ಕಡೆ ನೆಟ್ಟುಕೊಳ್ಳಲಿ ಎಂಬುದು ಅವಳ ಯೋಚನೆ. ಅಂಬಾದಾಸ ಮಗುಚಿ ಬಿದ್ದಿದ್ದ ಚಪ್ಪಡಿಯನ್ನು ಹುಡುಕಿ ಉರುಳಿಸಿ ತರುತ್ತಿದ್ದಾಗ ಕಾವಲಿನವನು ಬಂದು ಇಬ್ಬರನ್ನೂ ತಡೆದು ಪೊಲೀಸರನ್ನು ಕರೆಸಿದ. ಕಂಬದ ಮೇಲೆ ಕ್ಯಾಮೆರಾ ಇತ್ತೆಂಬುದು ಅವರಿಗೆ ಗೊತ್ತಿರಲಿಲ್ಲ.

ಸಂಜೆಯೊಳಗೆ ಆ ವಿಡಿಯೋ ಎಲ್ಲರ ಫೋನಿನಲ್ಲಿತ್ತು. ಸಸಿ ಕೀಳುವ ಹೆಂಗಸು, ಕಲ್ಲು ಉರುಳಿಸುವ ಗಂಡಸು. ನೆಟ್ಟು ಹೋದವರು ಸಿಟ್ಟಿನಿಂದ ಬರೆದರು. ಈ ವಲಸೆಯ ಜನಕ್ಕೆ ಗಿಡದ ಬೆಲೆ ಗೊತ್ತಿಲ್ಲ ಎಂದು, ಜಾಗ ಕಬಳಿಸುವ ಹುನ್ನಾರ ಎಂದು. ಬೋರ್ಡಿನ ಮೇಲಿದ್ದವಳೂ ಇವಳೇ ಎಂದು ಯಾರೋ ಗುರುತಿಸಿದ ಮೇಲೆ ಇನ್ನಷ್ಟು ಬೈದರು.

ಪೊಲೀಸ್ ಠಾಣೆಗೆ ಶ್ರೀವಿದ್ಯಾ ಒಬ್ಬಳೇ ಹೋದಳು. ದೂರು ಕೊಟ್ಟದ್ದು ಅವಳ ಸಂಸ್ಥೆಯೇ. ಬೆಂಚಿನ ಮೇಲೆ ಗಂಡಹೆಂಡತಿ ಕೂತಿದ್ದರು, ಕೈಗಳಿಗೆ ಇನ್ನೂ ಮಣ್ಣು ಮೆತ್ತಿತ್ತು. ಎಸ್‌ಐ ಅವಳಿಗೆ ಕುರ್ಚಿ ಹಾಕಿಸಿದ.

“ಅದು ಅವರ ಮಗಳ ಸಮಾಧಿ,” ಎಂದಳು ಅವಳು ಹಿಂದಿಯಲ್ಲಿ. “ನಾನೇ ಕಣ್ಣಾರೆ ನೋಡಿದ್ದೇನೆ. ಮಾತು ಕೊಟ್ಟು ಅಳಿಸಿದ್ದು ನಾವು. ಇವರು ಏನೂ ತಪ್ಪು ಮಾಡಿಲ್ಲ.”

“ಯಾವ ರಿಕಾರ್ಡಿನಲ್ಲಿದೆ ಮೇಡಂ? ಸ್ಮಶಾನ ಅಂತ ಇದೆಯಾ? ಬಸ್ತಿ ಅಂತಾದರೂ ಇದೆಯಾ? ನಿಮ್ಮವರೇ ಕೊಟ್ಟ ಮ್ಯಾಪಿನಲ್ಲಿ ಖಾಲಿ ಅಂತಿದೆ.”

ಅವಳು ಅದಕ್ಕೆ ಏನು ಹೇಳಿದರೂ ಅವನು ಬರೆದುಕೊಳ್ಳಲಿಲ್ಲ. ಆದರೆ ಇಬ್ಬರನ್ನೂ ಬಿಟ್ಟ, ಮತ್ತೆ ಬೇಲಿ ದಾಟಿದರೆ ಒಳಗೆ ಹಾಕುತ್ತೇನೆ ಎಂದು ಎಚ್ಚರಿಸಿ. ಹೊರಗೆ ಬಂದಾಗ ಶ್ರೀವಿದ್ಯಾ ಆಟೋ ಕರೆಯಲು ಹೋದಳು.

“ಬ್ಯಾಡ್ರಿ, ನಡಕೋತ ಹೊಕ್ಕೀವಿ,” ಎಂದಳು ರೇಣುಕಾ.

“ರೇಣುಕಾ, ಆವತ್ತು ನಾನು ಹೇಳಿದ್ದು...”

“ಗೊತ್ತಾತ್ರಿ. ನೀವು ಒಳಗ ಹೇಳಿದ್ರಲ್ಲ, ಅದ ಮಾತು ಆ ದಿನ ಹೇಳಿದ್ರ ಆಗ್ತಿತ್ತು.”

ಅದರಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು ಅಷ್ಟೆ. ಅದೇ ಶ್ರೀವಿದ್ಯಾಳನ್ನು ಬಹಳ ದಿನ ನಿದ್ದೆ ಮಾಡಲು ಬಿಡಲಿಲ್ಲ.

ಕಾಡಿನ ಅಂಚಿನಲ್ಲಿ ಬಸ್ತಿ ಇರುವುದು ಅಪಾಯವೆಂದು ಆ ಮಳೆಗಾಲದಲ್ಲೇ ತಗಡಿನ ಮನೆಗಳನ್ನು ಎಬ್ಬಿಸಿದರು. ಜನ ದಿಕ್ಕಾಪಾಲಾದರು. ಯಮುನಾಬಾಯಿ, ಇನ್ನು ಈ ಊರಿನ ನೀರು ನನ್ನ ಬಾಯಿಗೆ ಬೇಡ ಎಂದು ಹಳ್ಳಿಗೆ ಹೊರಟುಹೋದಳು. ಅಂಬಾದಾಸ, ರೇಣುಕಾ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಏಳುತ್ತಿದ್ದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಸೇರಿಕೊಂಡರು. ಅಲ್ಲಿ ಕಲ್ಲಿನ ಕೆಲಸವಿರಲಿಲ್ಲ, ಉಳಿ ಹಿಡಿದ ಕೈಗೆ ಸಿಮೆಂಟೇ ಗತಿಯಾಯಿತು. ಮೊದಲೇ ಮಾತು ಕಡಿಮೆಯಿದ್ದ ಅಂಬಾದಾಸ ಈಗ ಬೇಕಾದ್ದನ್ನೂ ಕೇಳುತ್ತಿರಲಿಲ್ಲ.

ಶ್ರೀವಿದ್ಯಾ ಮನೋಜನನ್ನು ಕೇಳದೆ ಮುಖ್ಯ ಕಚೇರಿಗೆ ಎಲ್ಲವನ್ನೂ ಬರೆದಳು. ನಾಲಾ, ಪೈಪು, ಮಗು, ಚಪ್ಪಡಿ, ತಾನು ತಿರುಚಿ ಹೇಳಿದ ಮಾತು, ಒಂದನ್ನೂ ಬಿಡಲಿಲ್ಲ. ತಿಂಗಳುಗಳು ಕಳೆದ ಮೇಲೆ ಉತ್ತರ ಬಂತು. ಆ ನೆರೆಗೂದಲ ಹೆಂಗಸೇ ಬರೆದಿದ್ದಳು. ತುಂಬ ನೊಂದಿದ್ದೇನೆ ಎಂದಿದ್ದಳು, ಅದು ಸುಳ್ಳಿರಲಾರದು. ನಾಲಾದ ವಿಚಾರ ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ ಎಂದೂ ಬರೆದಿದ್ದಳು. ಮರಗಳನ್ನು ಈಗಾಗಲೇ ಲೆಕ್ಕಕ್ಕೆ ಸೇರಿಸಿರುವುದರಿಂದ ತೆಗೆಯಲು ಬರುವುದಿಲ್ಲ, ಆದರೆ ಕುಟುಂಬದವರು ತಿಂಗಳಿಗೊಮ್ಮೆ ಕಾವಲಿನವನ ಜೊತೆ ಒಳಗೆ ಹೋಗಿ ಬರಬಹುದು, ಬಯಸಿದರೆ ಮಗುವಿನ ಹೆಸರಿನ ಒಂದು ಫಲಕ ಹಾಕಿಸೋಣ. ಆ ಹೊತ್ತಿಗೆ ಶ್ರೀವಿದ್ಯಾಳನ್ನು ಆ ಕೆಲಸದಿಂದ ತೆಗೆದಿದ್ದರು. ಉಳಿಸಿಕೊಳ್ಳುವಂತೆ ಅವಳು ಕೇಳಲೂ ಇಲ್ಲ.

ವಿಷಯ ತಿಳಿಸಲು ಅವಳು ಹುಡುಕಿಕೊಂಡು ಲಿಂಗಂಪಲ್ಲಿಗೆ ಬಂದಳು. ರೇಣುಕಾ ಮರಳು ಜರಡಿ ಹಿಡಿಯುತ್ತಿದ್ದಳು. ಎದ್ದು ಬಂದು, ಇಟ್ಟಿಗೆಯ ಮೇಲೆ ಸೆರಗಿನಿಂದ ಧೂಳು ಹೊಡೆದು ಕೂರಲು ಹೇಳಿದಳು.

“ಬೋರ್ಡ್ ಹಾಕಿದ್ರ, ಅದರಾಗ ಆ ಕಂಪನಿ ಹೆಸರೂ ಇರ್ತದೇನ್ರಿ?” ಎಂದು ಕೇಳಿದಳು, ಎಲ್ಲ ಕೇಳಿದ ಮೇಲೆ.

“ಇರುತ್ತೆ.”

“ಹಂಗಾದ್ರ ಬ್ಯಾಡ. ಹೋಗಿ ಬರ್ತೀವಿ. ಅಷ್ಟ ಸಾಕು.”

ಸಸಿ ನೆಟ್ಟ ಮೇಲಿನ ಎರಡನೆಯ ಮಳೆಗಾಲ ಮುಗಿದಿತ್ತು, ಅವರು ಹೋದಾಗ. ಶ್ರೀವಿದ್ಯಾ ಗೇಟಿನ ಹೊರಗೇ ನಿಂತಳು. ಕಾವಲಿನವನು ಹೊಸಬ, ಬಿಹಾರದ ಕಡೆಯವನು, ಬೀಗ ತೆಗೆದು ಮುಂದೆ ನಡೆದ. ಮರಗಳು ಆಳೆತ್ತರಕ್ಕಿಂತ ಮೇಲೆ ಬೆಳೆದಿದ್ದವು. ಹೊಂಗೆ, ನೇರಳೆ, ಬೇವು, ಹೆಸರು ಗೊತ್ತಿಲ್ಲದ ಎಷ್ಟೋ. ಮೇಲೆ ಕೊಂಬೆಗೆ ಕೊಂಬೆ ಹೆಣೆದು ಬಿಸಿಲು ಕೆಳಗಿಳಿಯುತ್ತಿರಲಿಲ್ಲ. ಒಬ್ಬರ ಹಿಂದೆ ಒಬ್ಬರು ಮೈ ಓರೆ ಮಾಡಿಯೇ ನಡೆಯಬೇಕು. ಹಕ್ಕಿಗಳು ಬಹಳ ಇದ್ದವು. ಆದರೂ ಎಲೆಯ ವಾಸನೆಯ ಅಡಿಯಲ್ಲಿ ನಾಲಾದ ಆ ವಾಸನೆ ಹಾಗೇ ಇತ್ತು.

ರೇಣುಕಾ ನಾಲಾದ ಕಡೆಯಿಂದ ಗುರುತು ಹಿಡಿಯಲು ನೋಡಿದಳು, ಬಸ್ತಿಯಿದ್ದ ಕಡೆಯಿಂದ ನೋಡಿದಳು. ಬಸ್ತಿ ಇರಲಿಲ್ಲ, ಬಂಡೆ ಇರಲಿಲ್ಲ. ಎತ್ತ ತಿರುಗಿದರೂ ಒಂದೇ ಥರದ ಕಾಂಡಗಳು. ಒಂದು ನೇರಳೆಯ ಬುಡದಲ್ಲಿ ನಿಂತು, “ಇಲ್ಲೇ ಅಲ್ಲೇನ್ರಿ?” ಎಂದಳು.

“ಅಲ್ಲ,” ಎಂದ ಅಂಬಾದಾಸ. “ಆ ಕಡಿಗಿ ಬರ್ತದ. ಮಳಿ ನೀರಿನ ಕೊಳ್ಳ ಇಳಿತಿತ್ತಲ್ಲ, ಅದರ ಎಡಕ.”

“ಅದು ಮುದುಕಂದು. ಆಕಿದು ಇಲ್ಲೇ.”

“ಇಲ್ಲ ರೇಣೂ. ಅಲ್ಲಿ.”

ಕಾವಲಿನವನು ಬೀಡಿ ಹಚ್ಚಿ ಬೇರೆ ಕಡೆ ತಿರುಗಿದ. ಆಮೇಲೆ ಅವಳು ನೇರಳೆಯ ಹತ್ತಿರವೇ ಕೂತಳು, ಅವನು ಮರಗಳ ನಡುವೆ ನುಸುಳಿ ತನಗನ್ನಿಸಿದ ಕಡೆ ಹೋಗಿ ಕೂತ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಏನಾದರೂ ಹೇಳಬೇಕೆಂದು ರೇಣುಕಾ ಬಾಯಿ ತೆರೆದಳು. ಮಗಳು ಇಲ್ಲಿ ಇಲ್ಲದಿದ್ದರೆ ಯಾರಿಗೆ ಹೇಳಿದ ಹಾಗಾಯಿತು ಎಂದು ಬಾಯಿ ಮುಚ್ಚಿದಳು. ಮರದಾಚೆಯಿಂದ ಗಂಡ ಬಿಕ್ಕುವುದು ಕೇಳಿಸಿತು. ಮಗಳು ಹೋದಾಗಲೂ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ.

ಹೊರಗೆ ಬಂದಾಗ ಶ್ರೀವಿದ್ಯಾ ಜೊತೆಗೂಡಿದಳು. ಮೂವರೂ ರಸ್ತೆಯವರೆಗೆ ನಡೆದು ಬಂದರು. ಶೇರ್ ಆಟೋ ಬಂದಾಗ ರೇಣುಕಾ ಹತ್ತುವ ಮುನ್ನ ಒಮ್ಮೆ ಅವಳ ಕೈ ಮುಟ್ಟಿ ಬಿಟ್ಟಳು.

ಸಂಜೆ ಊರಿನಿಂದ ಯಮುನಾಬಾಯಿಯ ಫೋನು ಬಂತು. ಅಲ್ಲಿ ಯಾರ ಮನೆಯದೋ ಫೋನು, ಗಾಳಿಯ ಸದ್ದಿನಲ್ಲಿ ಮುದುಕಿ ಕೂಗಿ ಕೇಳುತ್ತಿದ್ದಳು.

“ಹೋಗಿದ್ರೇನವ್ವಾ? ಮಾತಾಡ್ಸಿ ಬಂದ್ರೇನ್ ಕೂಸಿನ್ನ?”

ಅಂಬಾದಾಸ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

“ಹೂಂ ಅತ್ತಿ,” ಎಂದಳು ರೇಣುಕಾ. “ಸುತ್ತಲಾ ಗಿಡ ಬೆಳದಾವು. ಭಾಳ ತಂಪೈತಿ ಅಲ್ಲಿ.”

“ಇರ್ಲಿ ಬಿಡು, ತಂಪಿನ್ಯಾಗ ಅದಾಳಲ್ಲ,” ಎಂದು ಮುದುಕಿ ಸಮಾಧಾನದಿಂದ ಫೋನಿಟ್ಟಳು. ರೇಣುಕಾ ಹಿಟ್ಟಿನ ಡಬ್ಬಿ ತೆಗೆದಳು, ಮತ್ತೆ ಮುಚ್ಚಿದಳು. ಆಮೇಲೆ ಗಂಡನ ಬೆನ್ನಿನ ಹತ್ತಿರ ಹೋಗಿ ಕೂತಳು.